ಟೂಲ್‌ಗೆ ಮಾತು ಜಾಸ್ತಿ

ಈಗಿನ ತಂಡಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದ ಆಸ್ತಿಯಲ್ಲಿ ಒಂದು ಕಮಾಂಡ್ ಲೈನ್ ಟೂಲ್ (ಕಮಾಂಡ್ ಟೈಪ್ ಮಾಡಿ ಓಡಿಸುವ ಪ್ರೋಗ್ರಾಂ) ಕೂಡ ಇತ್ತು. ಬರೆದವರು ಕೆಲಸ ಬಿಟ್ಟು ಹೋಗಿದ್ದರು, ಬಳಸುವವರು ಕಚೇರಿಯ ತುಂಬ ಇದ್ದರು. ನಮ್ಮ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯನ್ನು ಸರ್ವರ್‌ಗಳಿಗೆ ಏರಿಸುವುದು ಅದರ ಕೆಲಸ. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಮಾತಿಗೆ ಕೂರುತ್ತದೆ. ಯಾವ ಸೇವೆ? ಯಾವ ಪರಿಸರ (ಪರೀಕ್ಷೆಗೆಂದಿರುವ ಸ್ಟೇಜಿಂಗೋ, ಜನ ಬಳಸುವ ಪ್ರೊಡಕ್ಷನ್ನೋ)? ಯಾವ ಬ್ರಾಂಚ್ (ಕೋಡಿನ ಯಾವ ಕವಲು)? ಡೇಟಾಬೇಸ್ ಬದಲಾವಣೆಗಳನ್ನೂ ಓಡಿಸಲೇ? ಚಾಟ್‌ನಲ್ಲಿ ತಂಡಕ್ಕೆ ತಿಳಿಸಲೇ? ಹಳೆಯ ಬಿಲ್ಡ್ ಅಳಿಸಲೇ? ಕೊನೆಗೆ, ಖಚಿತವೇ? ಬಣ್ಣದ ಅಕ್ಷರಗಳು, ಬಾಣದ ಕೀಲಿಯಿಂದ ಮೇಲೆ ಕೆಳಗೆ ಓಡಾಡುವ ಪಟ್ಟಿ, ಕೆಲಸ ಮುಗಿದಾಗ ಒಂದು ಹಸಿರು ಟಿಕ್. ನೋಡಲು ಚೆಂದವಾಗಿಯೇ ಇತ್ತು. ಹೊಸಬರಿಗೆ ಯಾವ ಫ್ಲ್ಯಾಗನ್ನೂ (ಕಮಾಂಡಿನ ಜೊತೆ ಟೈಪ್ ಮಾಡುವ ಸೂಚನೆ) ನೆನಪಿಡುವ ಗೋಜಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು.

ಟೆಸ್ಟಿಂಗ್ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಅದನ್ನು ಬಳಸುವಾಗ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಹೇಳಿಕೊಡುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ. ಟೂಲ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ, ಆದರೆ ಬಾಯಿ ಮುಚ್ಚಿಕೊಂಡು ಕೂರುವುದೇ ಕಷ್ಟ. ಅವನ ಎಡಗೈಯಲ್ಲಿ ಕಾಫಿ ಲೋಟ, ಬಲಗೈ ಕೀಲಿಮಣೆಯ ಮೇಲೆ. ಮೊದಲ ಎರಡು ಪ್ರಶ್ನೆಗಳಿಗೆ ಪಟ್ಟಿಯಿಂದ ಆರಿಸಿದ. ಆಮೇಲೆ ಎಂಟರ್, ಎಂಟರ್, ಎಂಟರ್. ಕಣ್ಣು ಪರದೆಯ ಮೇಲೇ ಇತ್ತು, ಆದರೆ ಓದುತ್ತಿರಲಿಲ್ಲ, ಮುಗಿಯುವುದನ್ನು ಕಾಯುತ್ತಿತ್ತು. "ಹಸಿರು ಟಿಕ್ ಬರುವುದಕ್ಕೆ ಮುಂಚೆ ಅದು ಏನು ಕೇಳಿತು?" ಎಂದೆ. ಅವನು ನನ್ನ ಮುಖವನ್ನೇ ನೋಡಿ, "ಗೊತ್ತಿಲ್ಲ ಮೇಡಂ. ಮೊದಲ ಎರಡು ಬಿಟ್ಟು ಉಳಿದದ್ದಕ್ಕೆಲ್ಲ ಎಂಟರ್ ಒತ್ತಬೇಕು ಎಂದು ಹೇಳಿಕೊಟ್ಟಿದ್ದಾರೆ" ಎಂದ. ಹೌದು, ಹೊಸಬರಿಗೆಂದು ತಂಡದವರು ಬರೆದಿಟ್ಟಿದ್ದ ಪುಟದಲ್ಲಿ ಆ ವಾಕ್ಯ ದಪ್ಪಕ್ಷರದಲ್ಲೇ ಇತ್ತು.

ಇದನ್ನು ಅಸಡ್ಡೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆ ಹುಡುಗ ಜಾಣ. ದಿನಕ್ಕೆ ಹಲವು ಸಲ ಅದೇ ಪ್ರಶ್ನೆಗಳು, ಹೆಚ್ಚಿನವಕ್ಕೆ ಉತ್ತರ ಯಾವಾಗಲೂ ಒಂದೇ. ಏನೂ ಬದಲಾಗದ ಕಡೆ ಗಮನ ಕೊಡದಿರುವುದನ್ನು ಬುದ್ಧಿ ತಾನಾಗಿಯೇ ಕಲಿಯುತ್ತದೆ. ತೊಂದರೆ ಇರುವುದು ಕೊನೆಯ ಪ್ರಶ್ನೆಯಲ್ಲಿ. ಅದೊಂದು ಮಾತ್ರ ನಿಜವಾದ ಪ್ರಶ್ನೆ, ಆದರೆ ಅದರ ಮೊದಲು ಬಂದವು ಬೆರಳಿಗೆ ಆಗಲೇ ತಾಳ ಕಲಿಸಿಬಿಟ್ಟಿರುತ್ತವೆ. ಉಬುಂಟು ಆಪರೇಟಿಂಗ್ ಸಿಸ್ಟಂನಲ್ಲಿ ಏನಾದರೂ ಅನುಸ್ಥಾಪಿಸುವಾಗ ಮುಂದುವರಿಯಲೇ ಎಂದು ಕೇಳುವ ಸಾಲನ್ನು ನಮ್ಮಲ್ಲಿ ಎಷ್ಟು ಜನ ಓದುತ್ತೇವೆ? ಅದರ ಮೇಲಿನ ಸಾಲುಗಳಲ್ಲಿ ಯಾವ ಪ್ಯಾಕೇಜುಗಳನ್ನು ತೆಗೆದುಹಾಕಲಾಗುತ್ತದೆ ಎಂಬ ಪಟ್ಟಿಯೂ ಇರುತ್ತದೆ. ಅದನ್ನು ನೋಡದೆ ಎಂಟರ್ ಒತ್ತಿ, ಡೆಸ್ಕ್‌ಟಾಪ್ ಪರದೆಯೇ ಬಾರದ ಲ್ಯಾಪ್‌ಟಾಪ್ ಹಿಡಿದು ಬಂದವರು ನನಗೆ ಗೊತ್ತು.

ಯಾರು ಉತ್ತರಿಸಬೇಕಾದ ಪ್ರಶ್ನೆ?

ಆಮೇಲೆ ಒಂದು ಮಧ್ಯಾಹ್ನ ಟೂಲ್‌ನ ಪ್ರಶ್ನೆಗಳನ್ನೆಲ್ಲ ಕಾಗದದ ಮೇಲೆ ಬರೆದು, ಒಂದೊಂದರ ಎದುರಿಗೆ "ಇದು ಯಾರಿಗೆ ಗೊತ್ತು?" ಎಂದು ಕೇಳಿಕೊಳ್ಳುತ್ತ ಹೋದೆ. ಯಾವ ಬ್ರಾಂಚ್ ಎಂಬುದು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಗೊತ್ತು. ನಾವು ನಿಂತಿರುವ ಫೋಲ್ಡರ್‌ನಲ್ಲೇ ಅದು ಬರೆದಿದೆ, ಓದಿಕೊಂಡರೆ ಮುಗಿಯಿತು. ಯಾವ ಸೇವೆ ಎಂಬುದು ಕೋಡ್ ಇಟ್ಟಿರುವ ರೆಪೊಸಿಟರಿಯ ಹೆಸರಿನಲ್ಲೇ ಇದೆ. ಡೇಟಾಬೇಸ್ ಬದಲಾವಣೆ ಓಡಿಸಬೇಕೇ ಎಂಬುದಕ್ಕೆ ಇನ್ನೂ ಓಡದ ಬದಲಾವಣೆ ಇದೆಯೋ ಇಲ್ಲವೋ ನೋಡಬೇಕು, ಇಲ್ಲದಿದ್ದರೆ ಕೇಳುವುದಕ್ಕೇನಿದೆ? ಚಾಟ್‌ಗೆ ತಿಳಿಸುವುದು, ಹಳೆಯ ಬಿಲ್ಡ್ ಅಳಿಸುವುದು ಇವೆರಡೂ ತಂಡದ ರೂಢಿ. ಒಮ್ಮೆ ತೀರ್ಮಾನಿಸಿ ಕಾನ್ಫಿಗ್ ಫೈಲಿನಲ್ಲಿ ಬರೆದಿಡುವ ವಿಷಯ. ಸೋಸಿ ಸೋಸಿ ಕೊನೆಗೆ ಉಳಿದದ್ದು ಒಂದೇ: ಇದು ಪ್ರೊಡಕ್ಷನ್‌ಗೆ ಹೋಗಬೇಕೋ, ಬೇಡವೋ? ಇದು ಮಾತ್ರ ಎದುರಿಗೆ ಕುಳಿತ ಮನುಷ್ಯನ ತಲೆಯಲ್ಲಿ ಇರುವ ವಿಷಯ, ಬೇರೆಲ್ಲೂ ಸಿಗದು.

ಮನೆಗೆ ಬಂದ ನೆಂಟ ಕಾಫಿಯೋ ಟೀಯೋ ಎಂದು ಕೇಳಿಸಿಕೊಂಡರೆ ಖುಷಿಪಡುತ್ತಾನೆ. ಸಕ್ಕರೆ ಎಷ್ಟು ಚಮಚ, ಯಾವ ಲೋಟ, ಎಷ್ಟು ಬಿಸಿ ಎಂದೆಲ್ಲ ಕೇಳುತ್ತ ಹೋದರೆ "ಏನಾದರೂ ಕೊಡಿ" ಎನ್ನುತ್ತಾನೆ. ನಮ್ಮ ಬಳಕೆದಾರರು ಎಂಟರ್ ಒತ್ತಿ ಹೇಳುತ್ತಿದ್ದದ್ದೂ ಅದನ್ನೇ.

ಉಳಿದ ಆ ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕು ಎಂಬುದು ಬೇರೆಯೇ ವಿಚಾರ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಒಂದು ರೆಪೊಸಿಟರಿಯನ್ನು ಅಳಿಸಲು ಹೊರಟರೆ ಅದರ ಹೆಸರನ್ನು ಪೂರ್ತಿಯಾಗಿ ಟೈಪ್ ಮಾಡಬೇಕು. ಇದರ ಗುಣವೆಂದರೆ ಬೆರಳಿನ ತಾಳ ತಪ್ಪುತ್ತದೆ. ಎಂಟರ್ ಒತ್ತಿ ಒತ್ತಿ ಬಂದ ವೇಗದಲ್ಲಿ ಇದನ್ನು ದಾಟಲಾಗದು, ಏನನ್ನು ಅಳಿಸುತ್ತಿದ್ದೇನೆ ಎಂದು ಒಮ್ಮೆ ಅಕ್ಷರ ಅಕ್ಷರವಾಗಿ ನೋಡಲೇಬೇಕು. ನಮ್ಮ ಟೂಲ್‌ನಲ್ಲೂ ಪ್ರೊಡಕ್ಷನ್‌ಗೆ ಹೋಗುವಾಗ ಸೇವೆಯ ಹೆಸರನ್ನು ಟೈಪ್ ಮಾಡಿಸುತ್ತೇವೆ. ಆದರೆ ಇದಕ್ಕೂ ಆಯುಸ್ಸು ಕಡಿಮೆ. ದಿನವೂ ಕೇಳಿದರೆ ಇದೂ ನಕಲು ಮಾಡಿ ಅಂಟಿಸುವ ಕೆಲಸವಾಗುತ್ತದೆ. ಅಪರೂಪವಾಗಿ ಕೇಳಿದಷ್ಟೂ ಪ್ರಶ್ನೆಗೆ ಬೆಲೆ.

ಗಿಟ್‌ನಲ್ಲೇ ಇದಕ್ಕೆ ಎದುರು ಉದಾಹರಣೆಯೊಂದಿದೆ, ಹೇಳದೆ ಬಿಟ್ಟರೆ ಅನ್ಯಾಯ. 'ಗಿಟ್ ಆಡ್' ಜೊತೆಗೆ ಪಿ ಫ್ಲ್ಯಾಗ್ ಕೊಟ್ಟು ಓಡಿಸಿದರೆ ಅದು ಫೈಲಿನ ಒಂದೊಂದು ತುಂಡು ಬದಲಾವಣೆಯನ್ನೂ ತೋರಿಸಿ ಇದು ಬೇಕೇ, ಬೇಡವೇ, ಇನ್ನೂ ಚಿಕ್ಕದಾಗಿ ಒಡೆಯಲೇ ಎಂದು ಕೇಳುತ್ತ ಹೋಗುತ್ತದೆ. ಪ್ರಶ್ನೆಗಳು ಇಪ್ಪತ್ತಾಗಬಹುದು, ಮೂವತ್ತಾಗಬಹುದು. ಆದರೂ ಬೇಸರವಿಲ್ಲ, ಏಕೆಂದರೆ ಪ್ರತಿ ಸಲವೂ ಎದುರಿಗಿರುವುದು ಬೇರೆ ತುಂಡು, ಉತ್ತರವೂ ಬೇರೆ. ತಪ್ಪು ಹುಡುಕಲು ಕೋಡಿನಲ್ಲಿ ಹಾಕಿ ನಾನು ಮರೆತಿದ್ದ ಎಷ್ಟೋ ಪ್ರಿಂಟ್ ಸಾಲುಗಳು ಅಲ್ಲಿ ಸಿಕ್ಕಿಬಿದ್ದಿವೆ. ಹಾಗಾಗಿ ಎಣಿಸಬೇಕಾದದ್ದು ಪ್ರಶ್ನೆಗಳ ಸಂಖ್ಯೆಯನ್ನಲ್ಲ.

2017ರ ಎರಡು ಅವಘಡಗಳು

"ಖಚಿತವೇ" ಎಂಬ ಪ್ರಶ್ನೆಯ ಮೇಲೆ ನನಗಿದ್ದ ಅಲ್ಪಸ್ವಲ್ಪ ನಂಬಿಕೆಯೂ ಹೋದದ್ದು ಎರಡು ವರದಿಗಳನ್ನು ಓದಿದ ಮೇಲೆ. 2017ರ ಜನವರಿ 31ರಂದು ಗಿಟ್‌ಹಬ್‌ನಂಥದೇ ತಾಣ ನಡೆಸುವ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಡರಾತ್ರಿಯವರೆಗೆ ಡೇಟಾಬೇಸ್‌ನ ತೊಂದರೆಯೊಂದರ ಜೊತೆ ಗುದ್ದಾಡುತ್ತಿದ್ದರು. ಎರಡನೆಯ ಸರ್ವರ್‌ನಲ್ಲಿ ಖಾಲಿ ಇರಬೇಕಾದ ಫೋಲ್ಡರ್ ಒಂದನ್ನು ಅಳಿಸಲು ಹೋಗಿ, ಅದೇ ಕಮಾಂಡನ್ನು ಮುಖ್ಯ ಸರ್ವರ್‌ನಲ್ಲಿ ಓಡಿಸಿದರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ಬ್ಯಾಕಪ್‌ಗಳನ್ನು ಹುಡುಕಿದರೆ ಕೆಲವು ಎಂದೋ ನಿಂತುಹೋಗಿದ್ದವು. ಆರು ಗಂಟೆ ಹಿಂದೆ ಸ್ಟೇಜಿಂಗ್‌ಗೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿ ಮಾನ ಉಳಿಯಿತು. ಆ ಕಂಪನಿಯ ದೊಡ್ಡತನವೆಂದರೆ ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುತ್ತ, ಟಿಪ್ಪಣಿಗಳನ್ನು ಎಲ್ಲರೂ ಓದುವಂತೆ ತೆರೆದಿಟ್ಟರು.

ಇದಾಗಿ ತಿಂಗಳೂ ತುಂಬುವ ಮೊದಲು, ಫೆಬ್ರವರಿ 28ರಂದು ಬೇರೆಯವರ ಫೈಲುಗಳನ್ನು ಇಟ್ಟುಕೊಳ್ಳುವ ಅಮೆಜಾನ್‌ನ ಎಸ್3 ಸೇವೆ ಅಮೆರಿಕದ ವರ್ಜೀನಿಯಾ ಪ್ರದೇಶದಲ್ಲಿ ಬಿತ್ತು. ಅಲ್ಲಿಯ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 9:37, ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ಲಿಂಗ್ ವ್ಯವಸ್ಥೆ ನಿಧಾನವಾಗಿದೆಯೆಂದು ಪರಿಶೀಲಿಸುತ್ತಿದ್ದ ಸಿಬ್ಬಂದಿಯೊಬ್ಬರು ಕೆಲವೇ ಸರ್ವರ್‌ಗಳನ್ನು ತೆಗೆಯಲು ಕಮಾಂಡ್ ಓಡಿಸಿದರು. ಕೊಟ್ಟ ಮೌಲ್ಯಗಳಲ್ಲಿ ಒಂದು ತಪ್ಪಾಗಿತ್ತು, ಅಂದುಕೊಂಡದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೋದವು. ಅಂತರಜಾಲದ ಅರ್ಧ ಅಂಗಡಿ ಬಾಗಿಲು ಹಾಕಿದಂತೆ ಗಂಟೆಗಟ್ಟಲೆ ಪರದಾಡಿತು. ತಮಾಷೆಯೆಂದರೆ, ಸೇವೆ ನಿಂತಿದೆ ಎಂದು ತಿಳಿಸಬೇಕಾದ ಅಮೆಜಾನ್‌ನ ಸ್ಥಿತಿ ಫಲಕವೂ ಎಸ್3ಯನ್ನೇ ನೆಚ್ಚಿಕೊಂಡಿದ್ದರಿಂದ ಮೊದಲ ಸುಮಾರು ಎರಡು ತಾಸು ಅದನ್ನು ಬದಲಿಸಲೂ ಆಗಲಿಲ್ಲ.

ನನಗೆ ಮುಖ್ಯವಾದದ್ದು ಇವರು ಆಮೇಲೆ ಮಾಡಿದ ತಿದ್ದುಪಡಿ. ಅಮೆಜಾನ್ ತನ್ನ ಟೂಲ್ ಸರ್ವರ್‌ಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಸುವ ಆದೇಶ ಬಂದರೆ ಒಪ್ಪದಂತೆ ಬದಲಿಸಿತು. ಗಿಟ್‌ಲ್ಯಾಬ್‌ನ ಟಿಪ್ಪಣಿಯಲ್ಲಿದ್ದ ಸಲಹೆಗಳಲ್ಲಿ ಒಂದು ಟರ್ಮಿನಲ್‌ನ (ಕಮಾಂಡ್ ಟೈಪ್ ಮಾಡುವ ಕಿಟಕಿಯ) ಪ್ರಾಂಪ್ಟ್‌ಗೆ, ಅಂದರೆ ಸಾಲಿನ ಮೊದಲಿಗೆ ಕಾಣುವ ಗುರುತಿಗೆ, ಬಣ್ಣ ಕೊಡುವುದು: ಪ್ರೊಡಕ್ಷನ್ ಕೆಂಪು, ಸ್ಟೇಜಿಂಗ್ ಹಳದಿ. ಎರಡರಲ್ಲೂ ಹೊಸ ಪ್ರಶ್ನೆಯಿಲ್ಲ. ಒಂದು ತಡೆಯುತ್ತದೆ, ಇನ್ನೊಂದು ನೀನು ಎಲ್ಲಿದ್ದೀಯ ಎಂದು ತೋರಿಸುತ್ತದೆ. ಆ ಎಂಜಿನಿಯರ್‌ಗೆ "ಖಚಿತವೇ" ಎಂದು ಕೇಳಿದ್ದರೆ "ಹೌದು" ಎನ್ನುತ್ತಿದ್ದರು, ಯಾಕೆಂದರೆ ಅವರಿಗೆ ಖಚಿತವೇ ಆಗಿತ್ತು. ಅವರು ತಪ್ಪಿದ್ದು ಸರ್ವರನ್ನು, ನಿರ್ಧಾರವನ್ನಲ್ಲ.

ಉತ್ತರಗಳ ಫೈಲು

ನಮ್ಮ ಆಪರೇಷನ್ಸ್ ತಂಡದಲ್ಲಿ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರಿದ್ದಾರೆ. ಹೆಚ್ಚಿನವರನ್ನು ಹೆಸರು ಹಿಡಿದು ಕರೆಯುವ ನಮ್ಮ ಕಚೇರಿಯಲ್ಲಿ ಅವರೊಬ್ಬರು ಮಾತ್ರ ಎಲ್ಲರಿಗೂ "ಸರ್". ರಾತ್ರಿ ಸ್ಟೇಜಿಂಗ್‌ಗೆ ಹೊಸ ಆವೃತ್ತಿ ಏರಿಸುವ ಕೆಲಸ ಅವರದು, ಅಂದರೆ ಅವರ ಸ್ಕ್ರಿಪ್ಟ್‌ಗಳದು. ಒಂದು ಬೆಳಿಗ್ಗೆ ಅವರು ಲ್ಯಾಪ್‌ಟಾಪ್ ತೆರೆದೇ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. "ಮೇಡಂ, ಇದನ್ನು ಸ್ವಲ್ಪ ನೋಡಿ" ಎಂದು ಪರದೆ ತಿರುಗಿಸಿದರು. 'ಮೇನ್' ಎಂಬ ಪರಿಸರ ಇಲ್ಲ ಎಂದು ಹೇಳಿ ಟೂಲ್ ನಿಂತಿತ್ತು. ಅಂಥ ಪರಿಸರ ಇಲ್ಲವೇ ಇಲ್ಲ; ಮೇನ್ ಎಂಬುದು ನಮ್ಮ ಬ್ರಾಂಚಿನ ಹೆಸರು.

ಆಗಿದ್ದು ಹೀಗೆ. ಟೂಲ್ ಪ್ರಶ್ನೆ ಕೇಳುವುದನ್ನು ಬಿಟ್ಟು ಬೇರೆ ರೀತಿಯಲ್ಲಿ ಓಡುವುದನ್ನೇ ಕಲಿತಿರಲಿಲ್ಲವಾದ್ದರಿಂದ, ಅವರು ಉತ್ತರಗಳದೇ ಒಂದು ಫೈಲು ಮಾಡಿಕೊಂಡಿದ್ದರು. ಸಾಲಿಗೊಂದು ಉತ್ತರ: ಸೇವೆಯ ಹೆಸರು, ಸ್ಟೇಜಿಂಗ್, ಮೇನ್, ವೈ, ವೈ, ಎನ್, ವೈ. ಅದನ್ನು ಪೈಪ್ ಮಾಡಿ ಟೂಲ್‌ನ ಬಾಯಿಗೆ ಸುರಿಯುತ್ತಿದ್ದರು. ಹಿಂದಿನ ವಾರ ಇನ್ನೊಂದು ತಂಡದವರು ಸೇವೆಯ ಹೆಸರಾದ ಮೇಲೆ ಪ್ರದೇಶ ಯಾವುದು ಎಂಬ ಹೊಸ ಪ್ರಶ್ನೆ ಸೇರಿಸಿದ್ದರು. ಅಲ್ಲಿಗೆ ಉತ್ತರಗಳೆಲ್ಲ ಒಂದು ಮನೆ ಕೆಳಗೆ ಜಾರಿದವು. ಪ್ರದೇಶದ ಜಾಗಕ್ಕೆ ಸ್ಟೇಜಿಂಗ್, ಪರಿಸರದ ಜಾಗಕ್ಕೆ ಮೇನ್. ನಿಂತದ್ದು ಪುಣ್ಯ. "ನಿಮ್ಮ ಟೂಲ್‌ಗೆ ಮಾತು ಜಾಸ್ತಿ ಮೇಡಂ. ಅದು ಕೇಳುವುದನ್ನೆಲ್ಲ ನಾನು ಮೊದಲೇ ಒಂದು ಸಾಲಿನಲ್ಲಿ ಹೇಳುತ್ತೇನೆ, ಕೇಳಿಸಿಕೊಳ್ಳುವುದನ್ನು ಕಲಿಸಿ ಅದಕ್ಕೆ" ಎಂದರು. ಕೋಪವಿರಲಿಲ್ಲ, ಬೇಸರವೂ ಇರಲಿಲ್ಲ. ಪ್ಲಂಬರ್‌ಗೆ ನಲ್ಲಿ ತೋರಿಸುವ ದನಿ.

ಅವರ ಆ ಒಂದು ಮಾತಿನಿಂದ ನಮ್ಮ ಟೂಲ್‌ನ ಒಳಗಿನ ವ್ಯವಸ್ಥೆಯೇ ತಲೆಕೆಳಗಾಯಿತು. ಮೊದಲು ಪ್ರಶ್ನೋತ್ತರವೇ ಟೂಲ್ ಆಗಿತ್ತು. ಈಗ ಟೂಲ್ ಎಂದರೆ ಫ್ಲ್ಯಾಗ್‌ಗಳ ಒಂದು ಸಾಲು, ಪ್ರಶ್ನೆ ಎಂಬುದು ಆ ಸಾಲಿನಲ್ಲಿ ಬಿಟ್ಟುಹೋದದ್ದನ್ನು ತುಂಬಿಕೊಳ್ಳುವ ಉಪಾಯ. ಎದುರಿಗೆ ಮನುಷ್ಯನಿದ್ದಾನೋ ಇಲ್ಲವೋ ಎಂದು ಮೊದಲು ನೋಡಿಕೊಳ್ಳುತ್ತದೆ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಇದಕ್ಕೊಂದು ಹಳೆಯ ದಾರಿ ಇದೆ: ಇನ್‌ಪುಟ್ ಬರುತ್ತಿರುವುದು ಟಿಟಿವೈಯಿಂದಲೇ ಎಂದು ವ್ಯವಸ್ಥೆಯನ್ನು ಕೇಳಬಹುದು. ಟಿಟಿವೈ ಎಂದರೆ ಟೆಲಿಟೈಪ್, ಪರದೆಯೇ ಇಲ್ಲದ, ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುತ್ತಿದ್ದ ಯಂತ್ರ. 1963ರಲ್ಲಿ ಬಂದ ಮಾಡೆಲ್ 33ರ ಸದ್ದು ಎಂದೋ ಅಡಗಿದೆ, ಆದರೆ ನಮ್ಮ ಲ್ಯಾಪ್‌ಟಾಪಿನ ಟರ್ಮಿನಲ್ ಕಿಟಕಿ ಇವತ್ತಿಗೂ ತಾನು ಅದೇ ಯಂತ್ರವೆಂದು ನಟಿಸುತ್ತದೆ. ಟಿಟಿವೈ ಇಲ್ಲದಿದ್ದರೆ ನಮ್ಮ ಟೂಲ್ ಈಗ ಏನನ್ನೂ ಕೇಳದು. ಯಾವ ಫ್ಲ್ಯಾಗ್ ಬಿಟ್ಟುಹೋಗಿದೆ ಎಂದು ಹೆಸರಿಸಿ, ಕೆಲಸ ಆಗಲಿಲ್ಲ ಎಂದು ಸೂಚಿಸುವ ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಹೊರಬರುತ್ತದೆ. ಮೊದಲೆಲ್ಲ ಕೋಡನ್ನು ತಾವಾಗಿಯೇ ಪರೀಕ್ಷಿಸುವ ಸಿಐ ಯಂತ್ರಗಳ ಮೇಲೆ ಯಾರೂ ಉತ್ತರಿಸದ ಪ್ರಶ್ನೆ ಹಿಡಿದು ಗಂಟೆಗಟ್ಟಲೆ ಕಾಯುತ್ತಿದ್ದ ಕೆಲಸಗಳು ಇದರಿಂದ ನಿಂತವು.

ಇನ್ನೊಂದು ಚಿಕ್ಕ ಸೇರ್ಪಡೆ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿತು. ಪ್ರಶ್ನೆಗಳಿಗೆ ಉತ್ತರಿಸಿ ಮುಗಿದ ಮೇಲೆ ಟೂಲ್ ಒಂದು ಸಾಲು ಮುದ್ರಿಸುತ್ತದೆ: ಇದೇ ಕೆಲಸವನ್ನು ಮತ್ತೆ ಮಾಡಲು ಹೀಗೆ ಟೈಪ್ ಮಾಡಿ. ಅದರ ಕೆಳಗೆ ಎಲ್ಲ ಫ್ಲ್ಯಾಗ್‌ಗಳೂ ಇರುವ ಪೂರ್ತಿ ಕಮಾಂಡ್. ಜನ ಅದನ್ನು ಚಾಟ್‌ನಲ್ಲಿ ಹಂಚಿಕೊಳ್ಳಲು ಶುರು ಮಾಡಿದರು. ಮಾತುಕತೆಯಿಂದ ನಡೆದ ಕೆಲಸಕ್ಕೆ ಗುರುತು ಉಳಿಯುವುದಿಲ್ಲ, ಯಾವ ಪಟ್ಟಿಯಲ್ಲಿ ಯಾವುದನ್ನು ಆರಿಸಿದೆ ಎಂದು ಆಮೇಲೆ ಯಾರೂ ಹೇಳಲಾರರು. ಒಂದು ಸಾಲಿನ ಕಮಾಂಡನ್ನು ಮಾತ್ರ ಇನ್ನೊಬ್ಬರು ಓದಬಹುದು, ತಪ್ಪು ಹುಡುಕಬಹುದು, ಇತಿಹಾಸದಲ್ಲಿ ಮೇಲಿನ ಬಾಣ ಒತ್ತಿ ತೆಗೆಯಬಹುದು. ಹೊಸಬರು ಫ್ಲ್ಯಾಗ್‌ಗಳನ್ನು ಕಲಿತದ್ದು ದಸ್ತಾವೇಜಿನಿಂದಲ್ಲ, ಈ ಸಾಲಿನಿಂದ.

ಕಾಣೆಯಾದ ಕರ್ಸರ್

ಬಾಣದ ಕೀಲಿಯಿಂದ ಆರಿಸುವ ಪಟ್ಟಿ ತೋರಿಸುವುದು ಈಗ ಬಲು ಸುಲಭ. ಅದಕ್ಕೆಂದೇ ಸಿದ್ಧ ಕೋಡಿನ ಲೈಬ್ರರಿಗಳಿವೆ: ಜಾವಾಸ್ಕ್ರಿಪ್ಟ್‌ನಲ್ಲಿ ಇನ್‌ಕ್ವೈರರ್, ಗೋ ಭಾಷೆಯಲ್ಲಿ ಬಬಲ್ ಟೀ, ಪೈಥಾನ್‌ನಲ್ಲಿ ಟೆಕ್ಸ್ಚುವಲ್, ರಸ್ಟ್‌ನಲ್ಲಿ ರಾಟಾಟುಯಿ. ಹತ್ತು ಸಾಲಿನಲ್ಲಿ ಚೌಕಟ್ಟು, ಬಣ್ಣ, ತಿರುಗುವ ಚಕ್ರ ಎಲ್ಲ ಬರುತ್ತವೆ. ಹಾಗೆ ಸುಲಭವಾದದ್ದರಿಂದಲೇ ಎಲ್ಲರೂ ಎಲ್ಲದಕ್ಕೂ ಪಟ್ಟಿ ತೋರಿಸುತ್ತಾರೆ ಎಂಬುದು ನನ್ನ ತಕರಾರು. ಬಾಣದ ಕೀಲಿಯನ್ನು ಒತ್ತಿದ ಕ್ಷಣವೇ ತಿಳಿಯಬೇಕೆಂದರೆ ಟೂಲ್ ಟರ್ಮಿನಲ್‌ನ ಸಹಜ ನಡವಳಿಕೆಯನ್ನು ಕಿತ್ತುಹಾಕಬೇಕು. ಎಂಟರ್ ಒತ್ತುವವರೆಗೆ ಸಾಲನ್ನು ಹಿಡಿದಿಡುವುದು, ಒತ್ತಿದ ಅಕ್ಷರವನ್ನು ಪರದೆಯ ಮೇಲೆ ಮೂಡಿಸುವುದು ಎರಡನ್ನೂ ನಿಲ್ಲಿಸಬೇಕು, ಕರ್ಸರನ್ನು ಅಡಗಿಸಬೇಕು. ಹೋಗುವಾಗ ಎಲ್ಲವನ್ನೂ ಇದ್ದ ಹಾಗೆ ಜೋಡಿಸಿಟ್ಟು ಹೋಗಬೇಕು. ನಡುವೆ ಟೂಲ್ ಕುಸಿದುಬಿದ್ದರೆ? ಕರ್ಸರ್ ಇಲ್ಲ, ಟೈಪ್ ಮಾಡಿದ್ದು ಕಾಣುವುದಿಲ್ಲ, ಎಂಟರ್ ಒತ್ತಿದರೆ ಸಾಲು ಮೆಟ್ಟಿಲು ಮೆಟ್ಟಿಲಾಗಿ ಜಾರುತ್ತದೆ. ಹೊಸಬರು ಕಿಟಕಿಯನ್ನೇ ಮುಚ್ಚಿ ಹೊಸದು ತೆರೆಯುತ್ತಾರೆ. ಹಳಬರು ಕುರುಡಾಗಿಯೇ 'ರೀಸೆಟ್' ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತಾರೆ, ಟರ್ಮಿನಲ್ ಕಣ್ಣು ಬಿಡುತ್ತದೆ.

ಈ ವಿಷಯದಲ್ಲಿ ನನಗೆ ಮಾದರಿ ಎಫ್‌ಝಡ್‌ಎಫ್. ಜುನೆಗುನ್ ಚೋಯ್ 2013ರಲ್ಲಿ ಶುರು ಮಾಡಿದ ಪುಟ್ಟ ಟೂಲ್. ಯಾವುದೋ ಒಂದು ಪಟ್ಟಿಯನ್ನು ಅದರೊಳಗೆ ಸುರಿದರೆ, ಎರಡು ಮೂರು ಅಕ್ಷರ ಟೈಪ್ ಮಾಡಿ ಬೇಕಾದ ಸಾಲನ್ನು ಹಿಡಿಯಬಹುದು. ಅದರ ಜಾಣತನ ಇರುವುದು ಇನ್ನೊಂದು ಕಡೆ. ತನ್ನ ಪಟ್ಟಿಯನ್ನೆಲ್ಲ ನೇರವಾಗಿ ಟರ್ಮಿನಲ್ ಮೇಲೆ ಬರೆಯುತ್ತದೆ, ಆರಿಸಿದ ಸಾಲನ್ನು ಮಾತ್ರ ಔಟ್‌ಪುಟ್‌ಗೆ ಬಿಡುತ್ತದೆ. ಹಾಗಾಗಿ ನಡುವೆ ಮನುಷ್ಯನಿದ್ದರೂ ಪೈಪಿನ ಎರಡೂ ತುದಿಗಳಲ್ಲಿ ಬೇರೆ ಪ್ರೋಗ್ರಾಂಗಳು ನಿಶ್ಚಿಂತೆಯಿಂದ ಇರಬಹುದು. ಬ್ರಾಂಚುಗಳ ಪಟ್ಟಿಯನ್ನು ಅದಕ್ಕೆ ಕೊಟ್ಟು, ಅದು ಕೊಟ್ಟದ್ದನ್ನು ಗಿಟ್‌ಗೆ ಕೊಡುವ ಒಂದು ಸಾಲಿನ ಅಲಿಯಾಸ್ (ಕಮಾಂಡಿಗೆ ಇಟ್ಟ ಚುಟುಕು ಹೆಸರು) ನನ್ನ ಲ್ಯಾಪ್‌ಟಾಪಿನಲ್ಲಿ ದಿನವಿಡೀ ದುಡಿಯುತ್ತದೆ.

ಪಟ್ಟಿ, ಚೌಕಟ್ಟುಗಳ ಮಾತು ಬಂದಾಗ ಕನ್ನಡದ ಪಾಡನ್ನೂ ಹೇಳಬೇಕು. ಕರ್ನಾಟಕದ ಬಳಕೆದಾರರ ಹೆಸರುಗಳು ಕನ್ನಡದಲ್ಲೇ ಇದ್ದ ಒಂದು ಕೋಷ್ಟಕವನ್ನು ಟರ್ಮಿನಲ್‌ನಲ್ಲಿ ತೋರಿಸಬೇಕಾಗಿತ್ತು. ಟರ್ಮಿನಲ್ ಎಂದರೆ ಸಮ ಅಗಲದ ಮನೆಗಳ ಜಾಲ. 1978ರ ವಿಟಿ100 ಎಂಬ ಟರ್ಮಿನಲ್ ಯಂತ್ರದಲ್ಲಿ 80 ಕಂಬ, 24 ಸಾಲು ಇದ್ದವು, ಕಿಟಕಿ ಎಷ್ಟೇ ಹಿಗ್ಗಿದರೂ ಲೆಕ್ಕ ಅದೇ ಜಾತಿಯದು. ಅಕ್ಷರಕ್ಕೊಂದು ಮನೆ ಎಂಬ ಆ ಜಗತ್ತಿಗೆ 'ಲಕ್ಷ್ಮೀ' ಬಂದು ನಿಂತರೆ ಅವಳಿಗೆ ಎಷ್ಟು ಮನೆ ಕೊಡಬೇಕು? ಯುನಿಕೋಡ್ ಲೆಕ್ಕದಲ್ಲಿ ಅವಳು ಏಳು ಸಂಕೇತ, ಕಣ್ಣಿಗೆ ಎರಡು ಅಕ್ಷರ, ಒತ್ತು ಬೇರೆ, ದೀರ್ಘ ಬೇರೆ. ಲೈಬ್ರರಿ ಒಂದು ಲೆಕ್ಕ ಹಾಕಿದರೆ ಟರ್ಮಿನಲ್ ಇನ್ನೊಂದು ಹಾಕುತ್ತದೆ, ಫಾಂಟ್ ಮೂರನೆಯದು. ಕೋಷ್ಟಕದ ಬಲಗಡೆಯ ಗೆರೆ ಹೆಸರಿಗೊಂದು ಕಡೆ ಸೊಟ್ಟಗಾಯಿತು. ಕೊನೆಗೆ ಚೌಕಟ್ಟನ್ನೇ ತೆಗೆದು, ಹೆಸರನ್ನು ಸಾಲಿನ ಕಟ್ಟಕಡೆಗೆ ಹಾಕಿದೆವು. ಅಲ್ಲಿ ಅವಳು ಎಷ್ಟು ಬೇಕಾದರೂ ಕೈಕಾಲು ಚಾಚಬಹುದು.

ಹೊಸ ಬಳಕೆದಾರರು

ಈಚೆಗೆ ನಮ್ಮ ಟೂಲ್ ಓಡಿಸುವವರಲ್ಲಿ ಮನುಷ್ಯರಲ್ಲದವರೂ ಸೇರಿದ್ದಾರೆ. ಕೋಡ್ ಬರೆಯುವ ಎಐ ಏಜೆಂಟ್‌ಗಳು ಟರ್ಮಿನಲ್‌ನಲ್ಲಿ ತಾವೇ ಕಮಾಂಡ್ ಓಡಿಸಿ, ಬಂದ ಔಟ್‌ಪುಟ್ ಓದಿ ಮುಂದುವರಿಯುತ್ತವೆ. ಬಾಣದ ಕೀಲಿಯ ಪಟ್ಟಿ ಎದುರಾದರೆ ಅವು ಸುಮ್ಮನೆ ಕೂರುತ್ತವೆ, ಹೊತ್ತು ಮೀರಿದ ಮೇಲೆ ಕೈಚೆಲ್ಲುತ್ತವೆ. ಹುಬ್ಬಳ್ಳಿಯ ಸರ್ ಕೇಳಿದ್ದ ಒಂದು ಸಾಲಿನ ಕಮಾಂಡ್ ಇವುಗಳಿಗೂ ಒದಗಿತು. ಯಾವ ಫ್ಲ್ಯಾಗ್ ಇಲ್ಲ ಎಂದು ಹೆಸರು ಹಿಡಿದು ಹೇಳುವ ದೋಷ ಸಂದೇಶವನ್ನು ನೋಡಿ ಏಜೆಂಟ್ ಎರಡನೆಯ ಸಲ ತಾನೇ ಸರಿಯಾಗಿ ಓಡಿಸುತ್ತದೆ. ಸರ್‌ಗೆ ಇದನ್ನು ಹೇಳಿದಾಗ "ಹಾಗಾದರೆ ನನ್ನನ್ನೂ ಯಂತ್ರದ ಲೆಕ್ಕಕ್ಕೆ ಸೇರಿಸಿಬಿಟ್ಟಿರಿ" ಎಂದು ನಕ್ಕರು.

ಆದರೆ ಪ್ರೊಡಕ್ಷನ್‌ನ ಆ ಒಂದು ಪ್ರಶ್ನೆ ಈಗ ಬೇರೆ ರೀತಿಯಲ್ಲಿ ಕಾಡುತ್ತಿದೆ. ಕೆಲವು ಏಜೆಂಟ್‌ಗಳು ಕಮಾಂಡುಗಳನ್ನು ಹುಸಿ ಟರ್ಮಿನಲ್ ಒಳಗೆ ಓಡಿಸುತ್ತವೆ. ಅಲ್ಲಿ ಟಿಟಿವೈ ಇದೆಯೇ ಎಂದು ಕೇಳಿದರೆ ಇದೆ ಎಂದೇ ಉತ್ತರ ಬರುತ್ತದೆ, ಸೇವೆಯ ಹೆಸರನ್ನು ಟೈಪ್ ಮಾಡು ಎಂದರೆ ಅವು ಒಂದಕ್ಷರ ತಪ್ಪದೆ ಟೈಪ್ ಮಾಡುತ್ತವೆ. ಬೆರಳಿನ ತಾಳ ತಪ್ಪಿಸಲೆಂದು ಇಟ್ಟ ತಡೆಗೆ ಬೆರಳೇ ಇಲ್ಲದವರ ಎದುರು ಅರ್ಥವಿಲ್ಲ. ಹಾಗಾಗಿ ಪ್ರೊಡಕ್ಷನ್‌ನ ಒಪ್ಪಿಗೆಯನ್ನು ಟರ್ಮಿನಲ್‌ನಿಂದಲೇ ಹೊರತೆಗೆದು, ಇನ್ನೊಬ್ಬ ಸಹೋದ್ಯೋಗಿ ತನ್ನ ಮೊಬೈಲ್‌ನಿಂದ ಕೊಡುವಂತೆ ಮಾಡೋಣ ಎಂದು ನಾನು ಸೂಚಿಸಿದ್ದೇನೆ. ತಂಡದ ಅರ್ಧ ಜನಕ್ಕೆ ಇದು ಹಿಡಿಸಿಲ್ಲ. ಮಧ್ಯರಾತ್ರಿ ಸೇವೆ ಬಿದ್ದಾಗ ಒಪ್ಪಿಗೆ ಕೊಡಲು ಯಾರನ್ನು ಎಬ್ಬಿಸುವುದು ಎಂಬುದು ಅವರ ಪ್ರಶ್ನೆ, ಅದು ಎಂಟರ್ ಒತ್ತಿ ದಾಟುವಂಥದ್ದಲ್ಲ. ಈ ಶುಕ್ರವಾರ ಮತ್ತೆ ಕೂರುತ್ತೇವೆ.